ಅಪ್ಪಯ್ಯಂಗೆ ರಿವರ್ಸ್ ಬೀಪ್ ಕೇಳ್ಸಲ್ಲ, ಏನ್ ಮಾಡೋದು?

ತೀರ್ಥಹಳ್ಳಿ ಕಡೆಯವ್ರು ನಾವು. ಅಪ್ಪಯ್ಯಂಗೆ 72, ಕಾರು ಇನ್ನೂ ಅವ್ರೇ ಓಡ್ಸೋದು. ಮೊನ್ನೆ ಅಂಗಳದಲ್ಲಿ ರಿವರ್ಸ್ ತಗೊಳ್ವಾಗ ಬೀಪ್ ಒಂದೇ ಸಮ ಹೊಡ್ಕೊಳ್ತಿತ್ತು, ಮೇಲಿಂದ ಮಳೆ ಸದ್ದು, ಅವ್ರಿಗೆ ಕೇಳ್ಲೇ ಇಲ್ಲ, ಚಪ್ಪರದ ಕಂಬಕ್ಕೆ ಬಂಪರ್ ತಾಗ್ತು. ಪಕ್ಕದಲ್ಲೇ ಮೊಮ್ಮಗ ಕೊಡೆ ಹಿಡ್ಕೊಂಡು ನಿಂತಿದ್ದ, ನೆನೆಸ್ಕೊಂಡ್ರೆ ಈಗ್ಲೂ ಎದೆ ಝಲ್ ಅನ್ನತ್ತೆ. ಸೌಂಡ್ ಜೋರು ಮಾಡೋಕೆ ದಾರಿ ಇದ್ಯಾ?

ಉತ್ತರ 1: ವಯಸ್ಸಾದ್ಮೇಲೆ ಮೊದ್ಲು ಕೇಳ್ಸದೇ ಹೋಗೋದು ಕೀಚಲು ಸ್ವರಾನೇ, ಈ ಬೀಪೂ ಅದೇ ತರದ್ದು. ಸ್ಕ್ರೀನ್ ಸೆಟ್ಟಿಂಗ್ಸಲ್ಲಿ ವಾಲ್ಯೂಮ್ ನೋಡಿ, ಕೆಲವು ಕಾರಲ್ಲಿರತ್ತೆ.

ಉತ್ತರ 2: 2019ರ ಜುಲೈಯಿಂದ ಹೊಸ ಕಾರಿಗೆಲ್ಲ, ಹಿಂದೆ ಏನಾದ್ರೂ ಅಡ್ಡ ಇದ್ರೆ ಬೀಪ್ ಹೊಡ್ಸೋ ಸೆನ್ಸರ್ ಕಡ್ಡಾಯ, ಆದ್ರೆ ಸದ್ದು ಕಿವಿಗೆ ಬೀಳ್ಬೇಕಲ್ಲ! ನಮ್ಮ ಹಳೇ ಗಾಡೀಲಿ ಆ ಬೀಪ್ ಸದ್ದು ಮಾಡೋ ಬಜರ್ ಡಿಕ್ಕಿ ಹತ್ರ ಇತ್ತು, ಶಿವಮೊಗ್ಗದಲ್ಲಿ ಎಲೆಕ್ಟ್ರಿಷಿಯನ್ ಹತ್ರ ಡ್ಯಾಶ್‌ಬೋರ್ಡ್ ಕೆಳಗೆ ಹಾಕ್ಸಿದ್ವಿ, ಈಗ ಅಮ್ಮಂಗೆ ಕೇಳತ್ತೆ.

ಥ್ಯಾಂಕ್ಸ್, ನಾಳೆನೇ ಬಜರ್ ನೋಡಿಸ್ತೀನಿ. ಕಿವಿ ಡಾಕ್ಟ್ರ ಹತ್ರನೂ ಕರ್ಕೊಂಡ್ ಹೋಗ್ಬೇಕು.