ಗೆಳತಿಯ ಗದ್ದೆ ಮದುವೆ ನೋಡಿ ಬಂದೆ, ನಾಲ್ಕು ಲಕ್ಷದಲ್ಲಿ ನನ್ನದೂ ಹಾಗೆ ಆದೀತೇ?

ಕೇಳಿದವರು, ಕೊಪ್ಪಳ: ಕಳೆದ ವಾರ ಗಂಗಾವತಿಯ ಹತ್ತಿರ ಗೆಳತಿಯ ಮದುವೆಗೆ ಹೋಗಿದ್ದೆ. ಭತ್ತ ಕೊಯ್ದ ಗದ್ದೆಯಲ್ಲೇ ಹಂದರ ಹಾಕಿದ್ದರು. ಮದುಮಗ ಚೆಂಡುಹೂವಿನಿಂದ ಸಿಂಗರಿಸಿದ ಕಟಾವು ಯಂತ್ರದ ಮೇಲೆ ಕುಳಿತು ಬಂದ. ವಧೂವರರಿಗೆ ಕಿನ್ನಾಳದ ಚಿತ್ರಗಾರರು ಬಣ್ಣ ಬರೆದ ಮಣೆಗಳು, ಮಧ್ಯಾಹ್ನದ ಊಟದ ಬದಲು ಸಂಜೆ ಐದಕ್ಕೆ ಮಂಡಕ್ಕಿ ಒಗ್ಗರಣೆ-ಮಿರ್ಚಿ ಮತ್ತು ಹೋಳಿಗೆ, ಹೊರಡುವಾಗ ಪ್ರತಿಯೊಬ್ಬರಿಗೂ ಎರಡು ಕಿಲೋ ಸೋನಾ ಮಸೂರಿಯ ಬಟ್ಟೆಚೀಲ. ನಕ್ಕು ಕುಣಿದು ಬಂದ ಮೇಲೆ ರಾತ್ರಿ ನಿದ್ದೆ ಹತ್ತಲಿಲ್ಲ. ಏಪ್ರಿಲ್ ಕೊನೆಗೆ ನನ್ನ ಮದುವೆಯಿದೆ, ಕೈಯಲ್ಲಿರುವುದು ನಾಲ್ಕು ಲಕ್ಷ. ಮಂಟಪದ ಬಾಡಿಗೆಯೇ ₹1,10,000 ಎನ್ನುತ್ತಾರೆ, 600 ಜನರಿಗೆ ಎಲೆಗೆ ₹180ರಂತೆ ಊಟಕ್ಕೆ ₹1,08,000. ಗದ್ದೆಯಲ್ಲಿ ಮಾಡಿದರೆ ಉಳಿತಾಯವಾಗುತ್ತದೆಯೇ? ಮಾಡಿದವರು ದಯವಿಟ್ಟು ತಿಳಿಸಿ.

ಸಿಂಧನೂರಿನವರು: 2023ರ ಮೇ ತಿಂಗಳಲ್ಲಿ ಗದ್ದೆಯಲ್ಲೇ ತಾಳಿ ಕಟ್ಟಿದವನು ನಾನು. ಸ್ವಂತ ಹೊಲಕ್ಕೆ ಬಾಡಿಗೆ ಯಾರು ಕೇಳುತ್ತಾರೆ ಎಂಬ ಒಂದೇ ಮಾತಿಗೆ ಮರುಳಾದೆ. ಕೊಯ್ದ ಭತ್ತದ ಕೂಳೆ ಬರಿಗಾಲಿಗೆ ಮೊಳೆಯಂತೆ ಚುಚ್ಚುತ್ತದೆ. ಅದನ್ನು ಹರಗಿಸಿ, ನೀರು ಹೊಡೆಸಿ, ರೋಲರ್ ಓಡಿಸಿ ನೆಲ ಗಟ್ಟಿ ಮಾಡುವುದಕ್ಕೇ ₹19,500 ಹೋಯಿತು. ಜನರೇಟರಿಗೆ ₹14,000, ಡೀಸೆಲ್ ಬೇರೆ. ನೀರಿನ ಟ್ಯಾಂಕರ್ ಎರಡು ಸಾಕೆಂದುಕೊಂಡೆವು, ಆರು ಬೇಕಾದವು. ಶೌಚಾಲಯದ ವಿಚಾರ ಯಾರ ತಲೆಗೂ ಹೊಳೆದಿರಲಿಲ್ಲ. ಹಿಂದಿನ ರಾತ್ರಿ ಹತ್ತು ಗಂಟೆಗೆ ಬೀಗತಿಯವರು ನನ್ನ ಅಕ್ಕನ ಕಿವಿಯಲ್ಲಿ ಕೇಳಿದಾಗ ಮನೆಮಂದಿಯೆಲ್ಲ ಮುಖ ಮುಖ ನೋಡಿಕೊಂಡು, ಕೊನೆಗೆ ಬಾಡಿಗೆಯವರು ಕೇಳಿದಷ್ಟು, ಅಂದರೆ ₹16,000, ಕೊಟ್ಟು ಎರಡು ಸಂಚಾರಿ ಶೌಚಾಲಯದ ಗಾಡಿ ತರಿಸಿದೆವು. ಅಕ್ಕಿಕಾಳು ಬೀಳುವುದಕ್ಕೆ ಅರ್ಧ ಗಂಟೆ ಮೊದಲು ಗಾಳಿ ಎದ್ದು ಹಂದರದ ನಾಲ್ಕು ತಗಡು ಹಾರಿ ಕಾಲುವೆಗೆ ಬಿದ್ದವು. ಶಾಮಿಯಾನದವರಿಗೆ ₹22,000 ದಂಡ ಕಟ್ಟಿದೆ. ಫೋಟೋದಲ್ಲಿ ಮಾತ್ರ ಎಲ್ಲವೂ ಚೆಂದವಾಗಿ ಬಂದಿದೆ.

ಬಳ್ಳಾರಿಯವರು: ಹಂದರವೇ ಏಕೆ ಬೇಕು? ನಾವು ಮಂತ್ರ ಮಾಂಗಲ್ಯ ಎಂಬ ಸರಳ ಮದುವೆ ಮಾಡಿಕೊಂಡೆವು. ಕುವೆಂಪು ಅವರು ರೂಪಿಸಿ, 1966ರಲ್ಲಿ ಸ್ವಂತ ಮಗ ತೇಜಸ್ವಿಯವರ ಮದುವೆಯನ್ನೇ ಹಾಗೆ ಮಾಡಿಸಿದ್ದರು. ಮನೆಯ ಮಾಳಿಗೆಯ ಮೇಲೆ 120 ಜನ, ಪ್ರಮಾಣವಚನ, ಹಾರ, ಊಟ, ಎಲ್ಲ ಸೇರಿ ₹86,400. ಆಯೇರಿ, ಅಂದರೆ ಉಡುಗೊರೆ, ತರಬೇಡಿ ಎಂದು ಲಗ್ನಪತ್ರಿಕೆಯಲ್ಲೇ ಅಚ್ಚು ಹಾಕಿಸಿದ್ದೆವು. ನನ್ನ ದೊಡ್ಡ ಸೋದರಮಾವ ನೀರು ಸಹ ಮುಟ್ಟದೆ ಎದ್ದು ಹೋದರು, ಇಂದಿಗೂ ಮಾತಿಲ್ಲ. ಆದರೂ ಸಾಲವಿಲ್ಲದೆ ಸಂಸಾರ ಆರಂಭಿಸಿದ ಹೆಮ್ಮೆ ನನಗಿದೆ.

ಮಾನ್ವಿಯವರು: ತಂಗಿ, ತಾಳಿಯ ಬಂಗಾರ ನಿಮ್ಮ ಲೆಕ್ಕದಲ್ಲಿ ಎಲ್ಲಿದೆ? ಬಂಗಾರದ ಮೇಲೆ ಶೇ 3ರಷ್ಟು ಜಿಎಸ್‌ಟಿ, ಮೇಲೆ ಕೂಲಿ, ಅದನ್ನೆಲ್ಲ ತವರಿನವರ ತಲೆಗೆ ಕಟ್ಟಿ ಮಾಳಿಗೆಯ ಊಟವನ್ನಷ್ಟೇ ಎಣಿಸಿದರೆ ಯಾರ ಮದುವೆಯೂ ಸೋವಿಯೇ. ಆಯೇರಿ ಬೇಡವೆನ್ನುವುದು ಒಬ್ಬರೇ ತೀರ್ಮಾನಿಸುವ ವಿಷಯವಲ್ಲ. ನಾನು ಇಪ್ಪತ್ತೈದು ವರ್ಷ ಊರೆಲ್ಲ ಸುತ್ತಿ ಮುಯ್ಯಿ ಬರೆಸಿದ್ದೇನೆ, ಆ ವಹಿ ಇನ್ನೂ ನನ್ನ ಟ್ರಂಕಿನಲ್ಲಿದೆ. ಮಗಳ ಮದುವೆಯಲ್ಲಿ ಅದು ಮರಳಿ ಬರದಿದ್ದರೆ ನಾನು ಮುಳುಗುತ್ತಿದ್ದೆ. ಎರಡನೇ ಬೆಳೆಯ ದುಡ್ಡು ನಂಬಿ ಮುಂಗಡ ಕೊಟ್ಟವನು ನಾನು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋಯಿತು, ಮುಂದೆ 33 ಗೇಟುಗಳನ್ನೂ ಬದಲಿಸಬೇಕೆಂದು 2025-26ರ ಎರಡನೇ ಬೆಳೆಗೆ ಕಾಲುವೆ ನೀರನ್ನೇ ಬಿಡಲಿಲ್ಲ. ಬೆಳೆ ಬರದಿದ್ದರೂ ಮುಹೂರ್ತ ನಿಲ್ಲುವುದಿಲ್ಲವಲ್ಲ. ನೂರಕ್ಕೆ ಎರಡರ ಬಡ್ಡಿಗೆ ಮೂರು ಲಕ್ಷ ತಂದೆ, ತಿಂಗಳಿಗೆ ₹6,000 ಬಡ್ಡಿಯನ್ನೇ ಕಟ್ಟುತ್ತಿದ್ದೇನೆ.

ಬಳ್ಳಾರಿಯವರು: ತಾಳಿಯನ್ನು ತವರಿನವರು ಕೊಡಿಸಿದರೆಂದು ನಿಮಗೆ ಯಾರು ಹೇಳಿದರು? ಜೀನ್ಸ್ ಹೊಲಿಯುವ ಘಟಕದಲ್ಲಿ ನಾಲ್ಕು ವರ್ಷ ದುಡಿದು ನಾನೇ ಮಾಡಿಸಿಕೊಂಡದ್ದು. ಸಾಲ ಮಾಡಿ ಊಟ ಹಾಕಿದವರು ನನಗೆ ಲೆಕ್ಕ ಕಲಿಸುವುದು ಬೇಡ.

ರಾಯಚೂರಿನವರು: ಜಗಳದ ನಡುವೆ ಒಂದು ಮಾತು. ಮಂತ್ರ ಮಾಂಗಲ್ಯದ ಅನಂತರ ಕಾಗದಪತ್ರ ಮಾಡಿಸಿದ್ದೀರಾ? ಹಿಂದೂ ವಿವಾಹ ಕಾಯ್ದೆಯಡಿ ಶಾಸ್ತ್ರವೇ ಇಲ್ಲದೆ ಬರಿಯ ನೋಂದಣಿ ಪತ್ರದಿಂದ ಮದುವೆ ಸಿಂಧುವಾಗದೆಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾವು ಅದಕ್ಕೇ 1954ರ ವಿಶೇಷ ವಿವಾಹ ಕಾಯ್ದೆಯಡಿ ಮಾಡಿಕೊಂಡೆವು. 30 ದಿನದ ನೋಟಿಸು, ಮೂವರು ಸಾಕ್ಷಿಗಳು. ನೋಟಿಸನ್ನು ಕಚೇರಿಯ ಗೋಡೆಗೆ ಅಂಟಿಸಿದ ಮೂರನೆಯ ದಿನವೇ ಯಾರೋ ಓದಿ ನಮ್ಮ ಚಿಕ್ಕಪ್ಪನಿಗೆ ಫೋನ್ ಮಾಡಿದರು, ಉಳಿದ 27 ದಿನ ನಮ್ಮ ಮನೆಯಲ್ಲಿ ಒಲೆ ಹೊತ್ತಿಸಿದವರು ಯಾರೆಂದು ನೆನಪಿಲ್ಲ. ಹಣವೇನೋ ಹೆಚ್ಚು ಹೋಗಲಿಲ್ಲ.

ಕುಷ್ಟಗಿಯವರು: ಸಾಮೂಹಿಕ ವಿವಾಹದ ಮಾತನ್ನು ಇಲ್ಲಿ ಯಾರೂ ಎತ್ತಲಿಲ್ಲ. ಜಾತ್ರೆಯಲ್ಲಿ 41 ಜೋಡಿಗಳ ಜೊತೆ ನಮ್ಮದೂ ಆಯಿತು. ತಾಳಿ, ಸೀರೆ, ಧೋತರ, ಊಟ ಎಲ್ಲವೂ ನಡೆಸಿಕೊಟ್ಟವರದೇ. ನಮಗೆ ಖರ್ಚಾದದ್ದು ಎರಡು ಟ್ರ್ಯಾಕ್ಸ್ ಗಾಡಿಯ ಬಾಡಿಗೆ, ಅರಿಷಿಣದ ಸಾಮಾನು, ಒಟ್ಟು ₹11,300. ಆದರೆ ನನ್ನ ಕೊರಳಿಗೆ ಹಾರ ಬೀಳುವ ಹೊತ್ತಿಗೆ ವೇದಿಕೆಯ ಮುಂದೆ ಗಣ್ಯರು ಅಡ್ಡ ನಿಂತಿದ್ದರಿಂದ ನಮ್ಮವ್ವನಿಗೆ ಏನೂ ಕಾಣಲಿಲ್ಲ. ಅದೊಂದು ಕೊರಗು ಉಳಿದಿದೆ.

ಮಾನ್ವಿಯವರು: ಅದು ಕೈಲಾಗದವರಿಗೆ ಸರಿ, ತಂಗಿ. ಇವರ ಬಳಿ ನಾಲ್ಕು ಲಕ್ಷವಿದೆ.

ಕುಷ್ಟಗಿಯವರು: ನಮ್ಮ ಮಾವನವರಿಗೆ ಎಂಟು ಎಕರೆ ಇದೆ, ಅಣ್ಣಾವ್ರೇ. ನೂರಕ್ಕೆ ಎರಡರ ಬಡ್ಡಿ ಕಟ್ಟುತ್ತಿರುವವರು ನಾವಲ್ಲ.

ಬಳ್ಳಾರಿಯವರು: ಒಗ್ಗರಣೆ-ಮಿರ್ಚಿಯ ಬಗ್ಗೆ ಒಂದು ಎಚ್ಚರಿಕೆ. ಮಂಡಕ್ಕಿಯನ್ನು ನೀರಲ್ಲಿ ನೆನೆಸಿ ಹಿಂಡಿ, ಒಗ್ಗರಣೆಗೆ ಹಾಕಿ ಪುಟಾಣಿ ಪುಡಿ ಉದುರಿಸಿದ ಹತ್ತು ನಿಮಿಷದೊಳಗೆ ಬಡಿಸಬೇಕು, ತಡವಾದರೆ ಮುದ್ದೆಯಾಗುತ್ತದೆ. 600 ಜನರಿಗೆ ಮೂರು ಒಲೆ, ಮೂವರು ಭಟ್ಟರು, ಸುರಿಯುತ್ತಲೇ ಇರುವ ಎಣ್ಣೆ. ಅನ್ನ-ಸಾರಿಗಿಂತ ಅದು ಸೋವಿ ಎಂದು ತಿಳಿಯಬೇಡಿ.

ಕೇಳಿದವರು, ಕೊಪ್ಪಳ: ಎಲ್ಲರಿಗೂ ಧನ್ಯವಾದ. ನಿನ್ನೆ ಗೆಳತಿಯನ್ನೇ ಕೇಳಿದೆ, ನಗುತ್ತ ಲೆಕ್ಕದ ವಹಿ ತೋರಿಸಿದಳು. ಒಟ್ಟು ₹6,70,000 ಆಗಿದೆ. ಹಂಚಿದ ಅಕ್ಕಿಗೇ 500 ಜನರಿಗೆ ಸಾವಿರ ಕಿಲೋ, ಕಿಲೋಗೆ ₹52ರಂತೆ ₹52,000, ಬಟ್ಟೆಚೀಲಕ್ಕೆ ₹9,000. ನಾವು ಮಂಟಪದ ಬಾಡಿಗೆ ಇಳಿಸಲು ವಾರದ ನಡುವಿನ ದಿನ ನೋಡುತ್ತಿದ್ದೇವೆ, ಮಣೆ ಮಾತ್ರ ಕಿನ್ನಾಳದ್ದೇ ತರುತ್ತೇವೆ.

ಸಿಂಧನೂರಿನವರು: ಸಾವಿರ ಕಿಲೋ ಒಟ್ಟಿಗೆ ಕೊಂಡು ₹52 ಕೊಟ್ಟರೇ? ನಮ್ಮ ಗಿರಣಿಯಲ್ಲಿ ಕೇಳಿದ್ದರೆ ₹46ಕ್ಕೆ ಕೊಡುತ್ತಿದ್ದರು.

ಮಾನ್ವಿಯವರು: ₹46ಕ್ಕೆ ಬರುವುದು ಹೊಸ ಅಕ್ಕಿ. ಮದುವೆಯಲ್ಲಿ ಹೊಸ ಅಕ್ಕಿ ಹಂಚಿ, ಮನೆಗೆ ಹೋಗಿ ಅನ್ನ ಮಾಡಿದವರೆಲ್ಲ ಗಂಜಿ ಕುಡಿಯಬೇಕೇನು?