ಮಾಸ್ಟರ್ ಬದಲಿಸಿದರೂ ಅರ್ಧ ಸ್ಲೈಡ್‌ಗಳು ಹಾಗೇ ಇವೆ, ಏನು ಮಾಡಲಿ?

ಹೈಸ್ಕೂಲ್ ಮೇಡಂ
ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ನಾಲ್ಕು ಜನ ಶಿಕ್ಷಕರು ತಮ್ಮ ತಮ್ಮ ವಿಷಯದ ಪಿಪಿಟಿ ಮಾಡಿ ಕೊಟ್ಟಿದ್ದಾರೆ. ಪೋಷಕರ ಸಭೆಗೆ ಎಲ್ಲವನ್ನೂ ಒಂದೇ ಫೈಲ್‌ಗೆ ಸೇರಿಸಿದ್ದೇನೆ. ವ್ಯೂ ಟ್ಯಾಬ್‌ನಲ್ಲಿ ಸ್ಲೈಡ್ ಮಾಸ್ಟರ್ (ಸ್ಲೈಡ್‌ಗಳ ರೂಪ ನಿರ್ಧರಿಸುವ ಅಚ್ಚು) ತೆರೆದು ಶೀರ್ಷಿಕೆಗೆ ಕಡುನೀಲಿ ಬಣ್ಣ ಕೊಟ್ಟೆ. ಕೆಲವು ಸ್ಲೈಡ್ ಬದಲಾದವು, ಉಳಿದವು ಹಾಗೇ ಇವೆ. ಒಂದು ಸ್ಲೈಡ್‌ನಿಂದ ಇನ್ನೊಂದಕ್ಕೆ ಹೋಗುವಾಗ ಶೀರ್ಷಿಕೆ ಒಂದು ಬೆರಳಿನಷ್ಟು ಕೆಳಗೆ ಜಾರುತ್ತದೆ, ಮತ್ತೆ ಮೇಲೆ ಬರುತ್ತದೆ. ‘ರಾಷ್ಟ್ರ’, ‘ಸ್ತ್ರೀ’ ಇಂಥ ಪದಗಳ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತಿದೆ. ನನ್ನ ಹತ್ತಿರ ಇರುವುದು ವಿಂಡೋಸ್ 10, ಪವರ್‌ಪಾಯಿಂಟ್ 2019.

ಸ್ಲೈಡು ಸಾಲು
ಮೇಡಂ, ಮೊದಲು ಎರಡು ವಿಷಯ ನೋಡಿ ಹೇಳಿ. ಸ್ಲೈಡ್ ಮಾಸ್ಟರ್ ತೆರೆದಾಗ ಎಡಗಡೆ ದೊಡ್ಡ ಚಿತ್ರ ಒಂದೇ ಇದೆಯಾ, ಅಥವಾ ಕೆಳಗೆ ಸರಿಸಿದರೆ 2, 3 ಅಂತ ನಂಬರ್ ಇರುವ ಇನ್ನಷ್ಟು ದೊಡ್ಡ ಚಿತ್ರಗಳು ಸಿಗುತ್ತವಾ? ಎರಡನೆಯದು, ವ್ಯೂ ಟ್ಯಾಬ್‌ನಲ್ಲಿ ಔಟ್‌ಲೈನ್ ವ್ಯೂ ಒತ್ತಿ. ಎಲ್ಲ ಸ್ಲೈಡ್‌ಗಳ ಬರಹವೂ ಅಲ್ಲಿ ಕಾಣುತ್ತಾ?

ಹೈಸ್ಕೂಲ್ ಮೇಡಂ
ದೊಡ್ಡ ಚಿತ್ರ ನಾಲ್ಕಿವೆ! ಔಟ್‌ಲೈನ್‌ನಲ್ಲಿ ಸಮಾಜ ವಿಜ್ಞಾನದ ಸ್ಲೈಡ್‌ಗಳೆಲ್ಲ ಖಾಲಿ. ಆದರೆ ಸ್ಲೈಡ್‌ನಲ್ಲಿ ಬರಹ ಇದೆಯಲ್ಲ?

ಸ್ಲೈಡು ಸಾಲು
ಗಂಟು ಇರುವುದು ಅಲ್ಲೇ. ಆ ಒಂದೊಂದು ದೊಡ್ಡ ಚಿತ್ರವೂ ಒಂದೊಂದು ಮಾಸ್ಟರ್. ಸ್ಲೈಡ್‌ಗಳನ್ನು ಪೇಸ್ಟ್ ಮಾಡುವಾಗ ‘ಕೀಪ್ ಸೋರ್ಸ್ ಫಾರ್ಮ್ಯಾಟಿಂಗ್’ ಆರಿಸಿದರೆ ಸ್ಲೈಡಿನ ಜೊತೆ ಅದರ ಮಾಸ್ಟರ್ ಕೂಡ ಬರುತ್ತದೆ. ನೀವು ಬಣ್ಣ ಕೊಟ್ಟಿದ್ದು ಮೊದಲನೇ ಮಾಸ್ಟರ್‌ಗೆ. ಉಳಿದ ಮೂರರ ಕೆಳಗಿರುವ ಸ್ಲೈಡ್‌ಗಳಿಗೆ ಅದು ಗೊತ್ತೇ ಆಗುವುದಿಲ್ಲ. ಶೀರ್ಷಿಕೆ ಜಾರುವುದಕ್ಕೂ ಇದೇ ಕಾರಣ. ಒಂದೊಂದು ಮಾಸ್ಟರ್‌ನಲ್ಲಿ ಶೀರ್ಷಿಕೆಯ ಜಾಗ ಒಂದೊಂದು ಕಡೆ ಇದೆ.

ಸ್ಲೈಡ್‌ಗಳನ್ನು ಆರಿಸಿಕೊಂಡು ಹೋಮ್ ಟ್ಯಾಬ್‌ನ ಲೇಔಟ್ ಒತ್ತಿ. ಅಲ್ಲಿ ನಾಲ್ಕು ಮಾಸ್ಟರ್‌ಗಳ ಥೀಮ್ ಹೆಸರಿನ ಕೆಳಗೆ ಬೇರೆ ಬೇರೆ ಲೇಔಟ್ ಕಾಣುತ್ತವೆ. ನಿಮಗೆ ಬೇಕಾದ ಥೀಮ್‌ನ ಕೆಳಗಿನಿಂದಲೇ ‘ಟೈಟಲ್ ಆ್ಯಂಡ್ ಕಂಟೆಂಟ್’ ಆರಿಸಿ. ಒಂದು ಹಳೇ ಮಾಸ್ಟರ್‌ನಲ್ಲಿ ಯಾವ ಸ್ಲೈಡೂ ಉಳಿಯದಿದ್ದರೆ ಅದು ತಾನಾಗಿ ಹೋಗುತ್ತದೆ. ಪಕ್ಕದಲ್ಲಿ ಪಿನ್ನಿನ ಗುರುತು ಇದ್ದರೆ ಮಾತ್ರ ಹೋಗುವುದಿಲ್ಲ. ಅಂಥದನ್ನು ಕೈಯಾರೆ ಡಿಲೀಟ್ ಮಾಡಿ.

ಇನ್ನು ಸಮಾಜ ವಿಜ್ಞಾನದ ಸ್ಲೈಡ್‌ಗಳು. ಅವರು ಬರಹವನ್ನು ಟೆಕ್ಸ್ಟ್ ಬಾಕ್ಸ್‌ಗಳಲ್ಲಿ ಹಾಕಿದ್ದಾರೆ. ಮಾಸ್ಟರ್ ಹಿಡಿತಕ್ಕೆ ಸಿಗುವುದು ಪ್ಲೇಸ್‌ಹೋಲ್ಡರ್ (ಲೇಔಟ್ ಜೊತೆಗೇ ಬರುವ ಚೌಕಟ್ಟು) ಒಳಗಿನ ಬರಹ ಮಾತ್ರ. ಔಟ್‌ಲೈನ್‌ನಲ್ಲಿ ತೋರುವುದೂ ಅದನ್ನೇ, ಅದಕ್ಕೇ ಆ ಪರೀಕ್ಷೆ ಮಾಡಿಸಿದ್ದು. ಲೇಔಟ್ ಹಾಕಿದ ಮೇಲೆ ಖಾಲಿ ಪ್ಲೇಸ್‌ಹೋಲ್ಡರ್ ಬರುತ್ತದೆ. ಬಾಕ್ಸ್‌ನಿಂದ ಬರಹ ಕಟ್ ಮಾಡಿ ಅದರೊಳಗೆ ‘ಕೀಪ್ ಟೆಕ್ಸ್ಟ್ ಓನ್ಲಿ’ ಎಂದು ಪೇಸ್ಟ್ ಮಾಡಿ. ಬೇಜಾರಿನ ಕೆಲಸ, ನಿಜ. ಆದರೆ ಇದಕ್ಕೆ ಅಡ್ಡದಾರಿ ಇಲ್ಲ. ಆಮೇಲೆ ಎಲ್ಲ ಸ್ಲೈಡ್ ಆರಿಸಿ ಹೋಮ್‌ನಲ್ಲಿ ರೀಸೆಟ್ ಒತ್ತಿ. ಕೈಯಿಂದ ಎಳೆದ, ಹಿಗ್ಗಿಸಿದ ಪ್ಲೇಸ್‌ಹೋಲ್ಡರ್‌ಗಳೆಲ್ಲ ಮಾಸ್ಟರ್ ಹೇಳಿದ ಜಾಗಕ್ಕೆ ಬಂದು ಕೂರುತ್ತವೆ.

ಅಕ್ಷರಪ್ರೇಮಿ
ಮೇಡಂ, ದಯವಿಟ್ಟು ರೀಸೆಟ್ ಒತ್ತುವ ಮೊದಲು ನಿಲ್ಲಿ! ಯಾರಾದರೂ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದಾರಾ ನೋಡಿ. ಬರಹದ ಮೇಲೆ ಕ್ಲಿಕ್ ಮಾಡಿದರೆ ಫಾಂಟ್ ಹೆಸರು ಮೇಲೆ ಕಾಣುತ್ತದೆ. ಆ ಫಾಂಟ್‌ಗಳಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಫಾಂಟ್ ಅದನ್ನು ಕನ್ನಡವಾಗಿ ತೋರಿಸುತ್ತದೆ ಅಷ್ಟೆ. ರೀಸೆಟ್ ಮಾಡಿದರೂ, ಬರೀ ಟೆಕ್ಸ್ಟ್ ಆಗಿ ಪೇಸ್ಟ್ ಮಾಡಿದರೂ ಫಾಂಟ್ ಕಳಚಿಹೋಗಿ ಬರಹ ಓದಲಾಗದಂತೆ ಕಲಸಿಹೋಗುತ್ತದೆ. ಮೊದಲು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ (ಒಳಗೂ ಕನ್ನಡ ಅಕ್ಷರವೇ ಇರುವ ಬರಹ) ಮಾಡಿಕೊಳ್ಳಿ. ಫೈಲ್‌ನ ಒಂದು ಕಾಪಿಯನ್ನೂ ಬೇರೆ ಇಟ್ಟುಕೊಳ್ಳಿ. ಎಷ್ಟೋ ಮೇಷ್ಟ್ರುಗಳ ವರ್ಷಗಟ್ಟಲೆ ಶ್ರಮ ಇಂಥ ಫೈಲ್‌ಗಳಲ್ಲಿದೆ, ಅದು ಹಾಳಾಗಬಾರದು.

ಒತ್ತಕ್ಷರದ ವಿಷಯ: ಈಗಿನ ಆಫೀಸ್ ಥೀಮ್‌ನಲ್ಲಿ ಸಾಲುಗಳ ಅಂತರ 90% ಇರುತ್ತದೆ. ಇಂಗ್ಲಿಷ್‌ಗೆ ಅದು ಸಾಕು. ನಮ್ಮ ಅಕ್ಷರಗಳಿಗೆ ಕೆಳಗೂ ಜಾಗ ಬೇಕಲ್ವಾ? ಮಾಸ್ಟರ್‌ನ ಎಲ್ಲಕ್ಕಿಂತ ಮೇಲಿನ ದೊಡ್ಡ ಚಿತ್ರದಲ್ಲೇ ಶೀರ್ಷಿಕೆ ಮತ್ತು ಬರಹದ ಚೌಕಟ್ಟು ಆರಿಸಿ, ಲೈನ್ ಸ್ಪೇಸಿಂಗ್ ಆಪ್ಷನ್ಸ್‌ನಲ್ಲಿ ಮಲ್ಟಿಪಲ್ 1.1 ಕೊಡಿ. ಅಲ್ಲೇ ಫಾಂಟನ್ನೂ ನಿರ್ಮಲಾ ಯುಐ ಮಾಡಿ. ಆಫೀಸ್ ಥೀಮ್‌ನಲ್ಲಿ ಕನ್ನಡಕ್ಕೆ ಅಂತ ಗೊತ್ತು ಮಾಡಿರುವುದು ತುಂಗಾ. ವಿಂಡೋಸ್ 10ರಲ್ಲಿ ತುಂಗಾವನ್ನು ಬೇರೆಯಾಗಿ ಹಾಕಿಕೊಳ್ಳಬೇಕು, ನಿರ್ಮಲಾ ಯುಐ ಜೊತೆಗೇ ಬರುತ್ತದೆ. ಸಭೆಯ ಹಾಲ್‌ನ ಕಂಪ್ಯೂಟರ್‌ನಲ್ಲಿ ಅಕ್ಷರ ಬೇರೆ ಥರ ಕಾಣುವ ತಾಪತ್ರಯ ತಪ್ಪುತ್ತದೆ.

ಹೈಸ್ಕೂಲ್ ಮೇಡಂ
ಸಮಯಕ್ಕೆ ಸರಿಯಾಗಿ ಹೇಳಿದಿರಿ ಸಾರ್. ಗಣಿತದ್ದು ಪೂರ್ತಿ ಆಸ್ಕಿಯಲ್ಲೇ ಇತ್ತು. ಪರಿವರ್ತನೆ ಮಾಡಿ, ಒಮ್ಮೆ ಓದಿ ತಿದ್ದಿ, ಆಮೇಲೆ ರೀಸೆಟ್ ಒತ್ತಿದೆ. ಈಗ ಶೀರ್ಷಿಕೆ ಅಲ್ಲಾಡುತ್ತಿಲ್ಲ, ‘ರಾಷ್ಟ್ರ’ ಪೂರ್ತಿ ಕಾಣುತ್ತದೆ. ಒಂದೇ ಉಳಿದಿದೆ: ಮಾಸ್ಟರ್‌ನಲ್ಲಿ ಸ್ಲೈಡ್ ನಂಬರ್ ಇದೆ, ಸ್ಲೈಡ್‌ಗಳಲ್ಲಿ ಇಲ್ಲ.

ಸ್ಲೈಡು ಸಾಲು
ಮಾಸ್ಟರ್‌ನಲ್ಲಿ ಇರುವುದು ನಂಬರ್‌ಗೆ ಜಾಗ ಮಾತ್ರ. ಇನ್ಸರ್ಟ್ ಟ್ಯಾಬ್‌ನಲ್ಲಿ ‘ಹೆಡರ್ ಆ್ಯಂಡ್ ಫೂಟರ್’ ತೆರೆದು, ಸ್ಲೈಡ್ ನಂಬರ್‌ಗೆ ಟಿಕ್ ಹಾಕಿ ‘ಅಪ್ಲೈ ಟು ಆಲ್’ ಒತ್ತಿ.

ಮುಂದಿನ ಸಲಕ್ಕೆ: ಈ ಫೈಲ್‌ನ ಕಾಪಿಯಲ್ಲಿ ಸ್ಲೈಡ್‌ಗಳನ್ನೆಲ್ಲ ತೆಗೆದು, ‘ಸೇವ್ ಆ್ಯಸ್’ನಲ್ಲಿ ಪವರ್‌ಪಾಯಿಂಟ್ ಟೆಂಪ್ಲೇಟ್ ಆರಿಸಿ ಉಳಿಸಿ. ಹೆಸರಿನ ಕೊನೆಗೆ ಪಿಒಟಿಎಕ್ಸ್ ಬರುತ್ತದೆ. ಅದನ್ನು ನಾಲ್ಕೂ ಜನರಿಗೆ ಮೊದಲೇ ಕಳಿಸಿ. ಡಬಲ್ ಕ್ಲಿಕ್ ಮಾಡಿದರೆ ಹೊಸ ಫೈಲೇ ತೆರೆಯುತ್ತದೆ, ಟೆಂಪ್ಲೇಟ್‌ಗೆ ಏನೂ ಆಗುವುದಿಲ್ಲ. ಯಾರಾದರೂ ಲಿಬ್ರೆಆಫೀಸ್ ಬಳಸುವವರಿದ್ದರೆ ಅಲ್ಲೂ ಅದು ತೆರೆಯುತ್ತದೆ, ಆದರೆ ಅವರ ಸ್ಲೈಡ್ ಬಂದ ಮೇಲೆ ಸಾಲಿನ ಅಂತರ ಒಮ್ಮೆ ನೋಡಿಕೊಳ್ಳಿ.