ಆಪೂಸ್ ಹಣ್ಣು ಲಗ್ಗೆ ಇಡುತ್ತಾ?

ಕೆಲಗೇರಿ ತೋಟ: ಬೇಸಿಗೆ ಬಂದರೆ ಪೇಪರಿನಲ್ಲಿ ಅದೇ ತಲೆಬರಹ: ‘ಮಾರುಕಟ್ಟೆಗೆ ಮಾವು ಲಗ್ಗೆ’. ಲಗ್ಗೆ ಕೋಟೆಯ ಮಾತು. ಏಣಿ ಹಚ್ಚಿ, ಗೋಡೆ ಹತ್ತಿ ಒಳಗೆ ಬೀಳುವುದು. ನಮ್ಮ ಧಾರವಾಡದ ಆಪೂಸು ಹುಲ್ಲಿನ ಮೇಲೆ ಮಲಗಿಕೊಂಡು ಬುಟ್ಟಿಯಲ್ಲಿ ಬರುತ್ತದೆ. ಯಾರ ಮೇಲೆ ಯುದ್ಧ?

ಸಪ್ತಾಪುರ ಮಾಸ್ತರ: ಹೊಸ ಫೋನೂ ಲಗ್ಗೆ ಇಡುತ್ತದೆ, ಸಿನಿಮಾವೂ ಇಡುತ್ತದೆ. ಒಮ್ಮೆಲೇ ಜೋರಾಗಿ ಬಂತು ಅಂತ ಓದುವವರಿಗೆ ತಿಳಿಯುತ್ತದಲ್ಲ? ಕೋಟೆ ಹೋಯಿತು ಅಂತ ಪದವನ್ನೂ ಮೂಲೆಗೆ ಹಾಕಬೇಕಾ?

ಬೆಟಗೇರಿ: ಲಗ್ಗೆ ಬಿಡಿ ಸರ್, ಅದು ಸವೆದು ಹೋಗಿದೆ. ನನ್ನ ತಕರಾರು ಮುತ್ತಿಗೆ ಬಗ್ಗೆ. ಮುತ್ತಿಗೆ ಅಂದರೆ ಸುತ್ತಲೂ ನಿಂತು ಒಳಗಿನವರು ಹೊರಗೆ ಬರದಂತೆ ಮಾಡುವುದು. ಈಗ ಗೇಟಿನ ಮುಂದೆ ಹತ್ತು ಜನ ಘೋಷಣೆ ಕೂಗಿದರೂ ಮುತ್ತಿಗೆಯೇ!

ಬ್ಯಾಡಗಿ ಮೆಣಸು: ಹೌದ್ರೀ. 2024ರ ಮಾರ್ಚ್ 11ರಂದು ನಮ್ಮೂರಲ್ಲಿ ಮೆಣಸಿನಕಾಯಿ ದರ ಕುಸಿದಾಗ ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು. ಗಾಜು ಒಡೆಯಿತು, ವಾಹನಗಳಿಗೆ ಬೆಂಕಿ ಬಿತ್ತು. ಅದನ್ನು ಮುತ್ತಿಗೆ ಅಂದರೆ ಕಡಿಮೆ ಆಯಿತು. ಬರೀ ದಾಳಿ ಅಂದರೆ ದರದ ಹೊಟ್ಟೆಯುರಿ ಕಾಣುವುದಿಲ್ಲ, ಗೂಂಡಾಗಳ ಕೆಲಸ ಅನ್ನಿಸುತ್ತದೆ. ನುಗ್ಗಿದರು ಅನ್ನುವುದೇ ಸರಿ.

ನವಲಗುಂದ ಹೊಲ: ನುಗ್ಗುವುದಕ್ಕೆ ಹಗೆ ಬೇಕಾಗಿಲ್ಲ ನೋಡಿ. ಮಳೆಗಾಲದಲ್ಲಿ ಬೆಣ್ಣೆಹಳ್ಳ ಉಕ್ಕಿ ಹೊಲಕ್ಕೆ ನುಗ್ಗುತ್ತದೆ. ಹಳ್ಳ ದಾಳಿ ಮಾಡಿತು ಅಂತ ಯಾರೂ ಅನ್ನುವುದಿಲ್ಲ. ಜಾತ್ರೆಯಲ್ಲಿ ಜನ ನುಗ್ಗುತ್ತಾರೆ, ಬಸ್ಸಿಗೂ ನುಗ್ಗುತ್ತಾರೆ. ತಡೆದರೂ ನಿಲ್ಲದೆ ಒಳಗೆ ಬಂತು, ಅಷ್ಟೇ.

ಸಪ್ತಾಪುರ ಮಾಸ್ತರ: ಹಾಗಾದರೆ ಲೋಕಾಯುಕ್ತದವರದು? ಬೆಳಗ್ಗೆ ಬಂದು ಬಾಗಿಲು ಬಡಿಯುತ್ತಾರೆ, ವಾರಂಟ್ ತೋರಿಸುತ್ತಾರೆ, ಕಪಾಟು ತೆಗೆಸುತ್ತಾರೆ. ಪೇಪರಿನಲ್ಲಿ ‘ದಾಳಿ’. ಅದು ಶೋಧ ಅಲ್ವಾ?

ಬೆಟಗೇರಿ: ಶೋಧ ಅಂದರೆ ಯಾರು ಓದುತ್ತಾರೆ ಮಾಸ್ತರ? ಮುಂಚೆ ಹೇಳದೆ ಬಂದರಲ್ಲ, ಒಳಗಿದ್ದವರಿಗೆ ಅದು ದಾಳಿಯೇ.

ಬ್ಯಾಡಗಿ ಮೆಣಸು: ಮಾವಿನ ವಿಷಯಕ್ಕೆ ಬರ್ರಿ. ಮಾಲು ಬಂದು ಇಳಿಯುವುದಕ್ಕೆ ಮಾರುಕಟ್ಟೆಯಲ್ಲಿ ನಾವು ‘ಆವಕ’ ಅನ್ನುತ್ತೇವೆ. ಇವತ್ತು ಆವಕ ಜಾಸ್ತಿ, ದರ ಇಳಿಯಿತು. ಸುಮ್ನೆ ಅದನ್ನೇ ಬರೆಯಲಿ.

ಕೆಲಗೇರಿ ತೋಟ: ಆವಕ ಲೆಕ್ಕದ ಮಾತಾಯಿತು. ಮೊದಲ ಬುಟ್ಟಿ ಇಳಿದಾಗ ಓಣಿ ತುಂಬ ವಾಸನೆ ಹರಡುತ್ತದಲ್ಲ, ಅದು ಆವಕದಲ್ಲಿ ಬರುವುದಿಲ್ಲ. ‘ಆಪೂಸು ಬಂತು’ ಅಂತ ದೊಡ್ಡ ಅಕ್ಷರದಲ್ಲಿ ಹಾಕಲಿ, ಸಾಕು.